ಕಾಸಿಗೆ ತಕ್ಕ ಕಜ್ಜಾಯ: ಕಂಪ್ಯೂಟರಿನ ಎಸ್‌ಎಂಪಿಎಸ್ ಕೆಟ್ಟಾಗ



ಮೇ ತಿಂಗಳ ಒಂದು ಸಂಜೆ. ಚಾರ್ಮಾಡಿ ಘಟ್ಟದ ಕಡೆ ಮೋಡ ಕಪ್ಪಗಾಗಿ ಗುಡುಗು ಕೇಳಿಸುತ್ತದೆ. ಕರೆಂಟು ಎರಡು ಸಲ ಹೋಗಿ ಬರುತ್ತದೆ. ಮೂರನೆಯ ಸಲ ಬಂದಾಗ ಮನೆಯ ಕಂಪ್ಯೂಟರ್ ಮಾತ್ರ ಏಳುವುದಿಲ್ಲ. ಎದ್ದರೂ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಆರಿಹೋಗುತ್ತದೆ. ರಿಪೇರಿಯವರು ನೋಡಿ, "ಎಸ್‌ಎಂಪಿಎಸ್ ಹೋಗಿದೆ, ಬದಲಿಸಬೇಕು" ಎನ್ನುತ್ತಾರೆ.

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಮನೆಗಳಿಗೆ ಇದು ಹೊಸ ಕಥೆಯಲ್ಲ. ಬೀಡಿ ಕಟ್ಟಿದ ಹಣವನ್ನೂ ಅಡಿಕೆ ಮಾರಿದ ಹಣವನ್ನೂ ಕೂಡಿಸಿ, ಮಕ್ಕಳ ಓದಿಗೆಂದು ಕೊಂಡ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಅದಾಗಿರಬಹುದು. ಎದುರಿಗೆ ಜೂನ್ ತಿಂಗಳು ನಿಂತಿದೆ: ಶಾಲೆಯ ಫೀಸು, ಪುಸ್ತಕ, ಕೊಡೆ. "ಇರುವುದರಲ್ಲಿ ಅಗ್ಗದ್ದು ಹಾಕಿಬಿಡಿ" ಎಂಬ ಮಾತು ಸಹಜವಾಗಿಯೇ ಬಾಯಿಗೆ ಬರುತ್ತದೆ. ಆ ಮಾತು ಹೇಳುವ ಮುನ್ನ ಸ್ವಲ್ಪ ಯೋಚಿಸೋಣ.

ಅದು ಮಾಡುವ ಕೆಲಸವೇನು?

ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟಿನ ಎಸಿ ವಿದ್ಯುತ್. ಕಂಪ್ಯೂಟರಿನ ಒಳಭಾಗಗಳಿಗೆ ಬೇಕಾದುದು 12, 5 ಮತ್ತು 3.3 ವೋಲ್ಟಿನ ಡಿಸಿ. ಇವುಗಳ ನಡುವೆ ನಿಂತು ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ತಗಡಿನ ಪೆಟ್ಟಿಗೆಯೇ ಎಸ್‌ಎಂಪಿಎಸ್. ಮದರ್‌ಬೋರ್ಡ್, ಪ್ರೊಸೆಸರ್, ಹಾರ್ಡ್‌ಡಿಸ್ಕ್ ಎಲ್ಲವೂ ಇದರ ಕೈಯಿಂದಲೇ ಉಣ್ಣುತ್ತವೆ. ಉಣಿಸುವ ಕೈ ಕೆಟ್ಟರೆ ಉಣ್ಣುವವರೆಲ್ಲರಿಗೂ ಕೇಡು. ಆದುದರಿಂದ ಇದನ್ನು ಇತರ ಬಿಡಿಭಾಗಗಳ ಸಾಲಿಗೆ ಸೇರಿಸುವಂತಿಲ್ಲ. ಮೌಸ್ ಕೆಟ್ಟರೆ ಮೌಸ್ ಮಾತ್ರ ಹೋಗುತ್ತದೆ. ಕಳಪೆ ಎಸ್‌ಎಂಪಿಎಸ್ ಹೋಗುವಾಗ ಮದರ್‌ಬೋರ್ಡನ್ನೂ, ಅಗಲಿದ ಅಜ್ಜಿಯ ಫೋಟೋಗಳಿರುವ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಹುದು.

ಲಕ್ಷಣ ಬೇರೆ, ಕಾರಣ ಬೇರೆ

ಜ್ವರ ಬಂದ ಮಾತ್ರಕ್ಕೆ ಮಲೇರಿಯಾ ಎನ್ನಲಾಗದು. ಹಾಗೆಯೇ ಕಂಪ್ಯೂಟರ್ ಆರಿಹೋದ ಮಾತ್ರಕ್ಕೆ ಎಸ್‌ಎಂಪಿಎಸ್ ಕೆಟ್ಟಿದೆ ಎನ್ನಲಾಗದು. ಸಡಿಲವಾದ ಪ್ಲಗ್ಗು, ಹಳೆಯ ಸ್ಪೈಕ್ ಬಸ್ಟರ್, ಸರಿಯಾಗಿ ಕೂರದ ರ‍್ಯಾಮ್, ಧೂಳು ತುಂಬಿ ಕಾಯುವ ಪ್ರೊಸೆಸರ್, ಇವೂ ಇದೇ ಲಕ್ಷಣ ತೋರಿಸುತ್ತವೆ. ಹಣ ಖರ್ಚು ಮಾಡುವ ಮೊದಲು ಹೀಗೆ ಮಾಡಿ:

1. ಬೇರೊಂದು ಕೋಣೆಯ ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿ ನೋಡಿ. ಕೇಬಲನ್ನೂ ಬದಲಿಸಿ ನೋಡಿ.

2. ಪ್ಲಗ್ಗು ಕಿತ್ತು, ಒಳಗಿನ ಧೂಳು ತೆಗೆದು, ರ‍್ಯಾಮನ್ನು ಕಳಚಿ ಮತ್ತೆ ಕೂರಿಸಿ.

3. ಸುಟ್ಟ ವಾಸನೆ ಇದೆಯೇ? ಎಸ್‌ಎಂಪಿಎಸ್‌ನ ಫ್ಯಾನು ತಿರುಗುತ್ತಿದೆಯೇ? ಇವು ಬಲವಾದ ಸುಳಿವುಗಳು.

4. ತಿಳಿದವರಿದ್ದರೆ ಮಲ್ಟಿಮೀಟರಿನಿಂದ ಅಳೆಯಲಿ. 12 ವೋಲ್ಟಿನ ಹಳದಿ ವೈರಿನಲ್ಲಿ 11.4ರಿಂದ 12.6, 5 ವೋಲ್ಟಿನ ಕೆಂಪು ವೈರಿನಲ್ಲಿ 4.75ರಿಂದ 5.25 ಇರಬೇಕು. ಕಂಪ್ಯೂಟರ್ ಕೆಲಸ ಮಾಡುತ್ತಿರುವಾಗಲೇ ಅಳೆಯಬೇಕು. ಹೊರೆಯಿಲ್ಲದೆ ನೆಟ್ಟಗೆ ನಿಂತವನು ಹೊರೆ ಹೊತ್ತಾಗ ಬಾಗುವುದುಂಟು.

5. ಎಲ್ಲಕ್ಕಿಂತ ನಂಬಲರ್ಹವಾದ ಪರೀಕ್ಷೆ: ನೆರೆಮನೆಯಿಂದಲೋ ಅಂಗಡಿಯಿಂದಲೋ ಸರಿಯಿರುವ ಎಸ್‌ಎಂಪಿಎಸ್ ತಂದು ಒಂದು ದಿನ ಹಾಕಿ ನೋಡುವುದು.

ಒಂದು ಎಚ್ಚರಿಕೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ ಇರುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದು ಕೆಲಕಾಲ ಉಳಿಯಬಹುದು. ಐನೂರು ರೂಪಾಯಿ ಉಳಿಸಲು ಹೋಗಿ ಜೀವಕ್ಕೆ ಕುತ್ತು ತಂದುಕೊಳ್ಳುವುದು ಮಿತವ್ಯಯವಲ್ಲ.

ಕೊಳ್ಳುವಾಗ ಏನು ನೋಡಬೇಕು?

ಅಂಗಡಿಯಲ್ಲಿ ಮೊದಲು ಕಾಣುವುದು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ: 450 ವ್ಯಾಟ್, 500 ವ್ಯಾಟ್. ಅದಕ್ಕೆ ಮರುಳಾಗಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ಓದಿ, 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ 192 ವ್ಯಾಟ್. ಇಂದಿನ ಕಂಪ್ಯೂಟರ್ ಮುಖ್ಯವಾಗಿ ಉಣ್ಣುವುದು ಈ 12 ವೋಲ್ಟನ್ನೇ. ಚೀಟಿಯಲ್ಲಿ ಈ ವಿವರವೇ ಇಲ್ಲದಿದ್ದರೆ ಆ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟುಬಿಡಿ.

ಹಾಗೆಂದು ಮೂಗಿಗಿಂತ ಮೂಗುತಿ ಭಾರವಾಗಬಾರದು. ಓದು, ಬರಹ, ಇಂಟರ್ನೆಟ್ಟಿಗೆ ಬಳಸುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಮಾನ್ಯ ಕಂಪ್ಯೂಟರಿಗೆ 150 ವ್ಯಾಟಿಗಿಂತ ಹೆಚ್ಚು ಬೇಕಾಗುವುದು ಅಪರೂಪ. ಆಟಗಾರರಿಗೆಂದು ಮಾರುವ 750 ವ್ಯಾಟಿನದು ನಮಗೇಕೆ? ಪ್ರಾಮಾಣಿಕವಾದ 300–450 ವ್ಯಾಟ್ ಧಾರಾಳವಾಯಿತು.

2004ರಲ್ಲಿ ಆರಂಭವಾದ 80 ಪ್ಲಸ್ ಎಂಬ ಗುರುತು ಇದ್ದರೆ ಒಳ್ಳೆಯದು. ಎಳೆದುಕೊಂಡ ವಿದ್ಯುತ್ತಿನಲ್ಲಿ ಶೇಕಡಾ 80ಕ್ಕಿಂತ ಕಡಿಮೆಯಿಲ್ಲದಷ್ಟನ್ನು ಕೆಲಸಕ್ಕೆ ಕೊಡುತ್ತದೆ ಎಂದು ಇದರ ಅರ್ಥ. ವ್ಯರ್ಥವಾಗಿ ಕಾಯುವುದು ಕಡಿಮೆಯಾದರೆ ಬಾಳಿಕೆಯೂ ಹೆಚ್ಚು. ಆದರೆ ಅದು ಮಿತಬಳಕೆಯ ಗುರುತು ಮಾತ್ರ, ಸುರಕ್ಷತೆಯ ಪ್ರಮಾಣಪತ್ರವಲ್ಲ. ಆದುದರಿಂದ ವಾರಂಟಿ ಎಷ್ಟು ವರ್ಷ ಎಂದು ಕೇಳಿ, ಬಿಲ್ಲು ತೆಗೆದುಕೊಳ್ಳಿ.

ಚೀಟಿಯಲ್ಲಿ 100–240 ವೋಲ್ಟ್ ಎಂದಿರುವುದು ನಮ್ಮ ಹಳ್ಳಿಗಳಿಗೆ ಹೆಚ್ಚು ಹೊಂದುತ್ತದೆ. ತೋಟದ ಪಂಪು ಶುರುವಾದಾಗ ಕುಗ್ಗುವ ವೋಲ್ಟೇಜನ್ನು ಅದು ತಾಳಿಕೊಳ್ಳುತ್ತದೆ. ಹಳೆಯವುಗಳ ಹಿಂಬದಿಯಲ್ಲಿ 115–230 ಎಂಬ ಕೆಂಪು ಸ್ವಿಚ್ಚಿದ್ದರೆ ಅದು 230ರಲ್ಲಿಯೇ ಇರಬೇಕು; 115ರಲ್ಲಿಟ್ಟು ಹಾಕಿದರೆ ಆ ಕ್ಷಣವೇ ಸುಟ್ಟೀತು.

ಅಂಗಡಿಗೆ ಹೋಗುವಾಗ ಹಳೆಯ ಎಸ್‌ಎಂಪಿಎಸ್ಸನ್ನು ಜೊತೆಗೆ ಒಯ್ಯಿರಿ. ಕಚೇರಿಗಳಿಂದ ಬರುವ ಕೆಲವು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರುಗಳ ಪೆಟ್ಟಿಗೆಯ ಅಳತೆ ಬೇರೆ, ಪಿನ್ನುಗಳೂ ಬೇರೆ. ಸಾಮಾನ್ಯ 24 ಪಿನ್ನಿನದು ಅವಕ್ಕೆ ಕೂರುವುದಿಲ್ಲ.

ಕೈಯಲ್ಲಿ ಹಣವೇ ಇಲ್ಲದಿದ್ದರೆ?

ಹೆಸರಿಲ್ಲದ ಎಸ್‌ಎಂಪಿಎಸ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ನಂಬಬಹುದಾದುದಕ್ಕೆ ಎರಡು ಮೂರು ಸಾವಿರ ಬೇಕು. ಕಾಸಿಗೆ ತಕ್ಕ ಕಜ್ಜಾಯ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಈ ತಿಂಗಳು ಆಗದಿದ್ದರೆ ಮುಂದಿನ ತಿಂಗಳವರೆಗೆ ತಡೆಯಿರಿ. ಅಷ್ಟರಲ್ಲಿ ಹಾರ್ಡ್‌ಡಿಸ್ಕನ್ನು ತೆಗೆಸಿ, ಮಕ್ಕಳ ಪ್ರಾಜೆಕ್ಟ್, ಫೋಟೋ, ಲೆಕ್ಕಪತ್ರಗಳನ್ನು ಬೇರೆಡೆ ಕಾಪಿ ಮಾಡಿಸಿಡಿ. ಅವು ಉಳಿದರೆ ಅರ್ಧ ಆತಂಕ ತೀರಿತು. ಪರಿಚಯದವರ ಕಂಪ್ಯೂಟರಿನಿಂದ ತೆಗೆದ, ಒಳ್ಳೆಯ ಕಂಪನಿಯ, ಹೆಚ್ಚು ಹಳೆಯದಲ್ಲದ ಎಸ್‌ಎಂಪಿಎಸ್ ಸಿಕ್ಕರೆ ಹೆಸರಿಲ್ಲದ ಹೊಸದಕ್ಕಿಂತ ಅದೇ ಮೇಲು. ಇನ್ನು ಕಂಪ್ಯೂಟರೇ ಮೂರು ಸಾವಿರ ಬಾಳುವುದಿಲ್ಲ ಎಂದಾದರೆ, ಅದನ್ನೂ ಮನೆಯವರೆಲ್ಲ ಕುಳಿತು ಒಪ್ಪಿಕೊಳ್ಳುವುದು ಲೇಸು.

ಹಾಕಿದ ಮೇಲೆ

ಹೊಸದು ಹಾಕಿದರೂ ಹಳೆಯ ಕಾರಣ ಉಳಿದಿದ್ದರೆ ಕಥೆ ಮರುಕಳಿಸುತ್ತದೆ. ಗುಡುಗು ಕೇಳಿದೊಡನೆ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿರಿ. ಇಂಟರ್ನೆಟ್ಟಿನ ಕೇಬಲನ್ನೂ ಕೀಳಿರಿ. ಆದರೆ ಸಿಡಿಲು ತಲೆಯ ಮೇಲೆಯೇ ಇರುವಾಗ ಅದನ್ನು ಮುಟ್ಟಲು ಹೋಗಬೇಡಿ. ಮನೆಯ ಅರ್ಥಿಂಗನ್ನು ಇಲೆಕ್ಟ್ರಿಷಿಯನ್ನರಿಗೆ ತೋರಿಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುವುದರಿಂದ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಮಳೆಗಾಲದಲ್ಲಿ ತೇವದ ಗೋಡೆಗೆ ಒತ್ತಿ ಕಂಪ್ಯೂಟರ್ ಇಡಬೇಡಿ. ಫ್ಯಾನಿನ ಹಿಂದೆ ಗಾಳಿಗೆ ಒಂದು ಗೇಣು ಜಾಗ ಬಿಡಿ. ಕೆಪಾಸಿಟರಿನ ಒಳಗಿನ ದ್ರವ ಶಾಖಕ್ಕೆ ಒಣಗುತ್ತದೆ; ಶಾಖ 10 ಡಿಗ್ರಿ ಹೆಚ್ಚಿದರೆ ಅದರ ಆಯುಷ್ಯ ಸುಮಾರು ಅರ್ಧವಾಗುತ್ತದೆ.

ಕೆಟ್ಟುಹೋದುದನ್ನು ತೋಡಿಗೋ ಗುಡ್ಡಕ್ಕೋ ಎಸೆಯಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವು ನೋಂದಾಯಿತ ಮರುಬಳಕೆದಾರರನ್ನು ಸೇರಬೇಕು.

ಬಡತನದಲ್ಲಿ ಮಿತವ್ಯಯ ಅನಿವಾರ್ಯ. ಆದರೆ ಕಡಿಮೆ ಬೆಲೆಯದನ್ನು ಎರಡು ಸಲ ಕೊಳ್ಳುವವನು ಮಿತವ್ಯಯಿಯೇ? ಮುಂದಿನ ಸಲ "ಅಗ್ಗದ್ದು ಹಾಕಿಬಿಡಿ" ಎನ್ನುವ ಮುನ್ನ, "ಚೀಟಿ ತೋರಿಸಿ, ಓದುತ್ತೇನೆ" ಎನ್ನಿರಿ. ಅಷ್ಟು ಸಾಕು.