ನೋವು ಮತ್ತು ಮನಸ್ಸು

ಸುಖದುಃಖಗಳಿಗೆ ಮನಸ್ಸೇ ಮೂಲವೆಂಬ ಮಾತನ್ನು ಹರಿಕಥೆಗಳಲ್ಲಿಯೂ ಹಿರಿಯರ ಬಾಯಲ್ಲಿಯೂ ಕೇಳುತ್ತ ಬೆಳೆದವರು ನಾವು. ಆದರೆ ಮನೆಯ ಹಿರಿಯರು ಮಂಡಿ ನೋಯುತ್ತಿದೆಯೆಂದಾಗ, ಅದೇ ಮಾತು 'ಅದೆಲ್ಲ ನಿಮ್ಮ ಭ್ರಮೆ' ಎಂಬ ಕಟುನುಡಿಯಾಗುವುದುಂಟು. ಮೊದಲನೆಯ ಮಾತಿನಲ್ಲಿ ಬಹಳಷ್ಟು ಸತ್ಯವಿದೆ, ಎರಡನೆಯದರಲ್ಲಿ ಇಲ್ಲ. ಈ ಅಂತರವನ್ನು ಅರಿಯುವುದು ಆರೋಗ್ಯದೃಷ್ಟಿಯಿಂದ ಅಗತ್ಯ.

ಗಾಯವೊಂದು, ಅರ್ಥವೆರಡು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ರಣರಂಗದಲ್ಲಿ ಸೇವೆಯಲ್ಲಿದ್ದ ಅಮೆರಿಕದ ಅರಿವಳಿಕೆ ತಜ್ಞ ಡಾ. ಹೆನ್ರಿ ಬೀಚರ್ ಒಂದು ವಿಸ್ಮಯವನ್ನು ಕಂಡರು. ಅದನ್ನು 1946ರಲ್ಲಿ ಪ್ರಕಟಿಸಿದರು. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ತಮಗೆ ನೋವುಶಮನದ ಮದ್ದು ಬೇಡವೆಂದಿದ್ದರು. ಮುಂದೆ ಶಸ್ತ್ರಚಿಕಿತ್ಸೆಗೊಳಗಾದ ಸಾಮಾನ್ಯ ನಾಗರಿಕರೊಡನೆ ಹೋಲಿಸಿ ನೋಡಿದಾಗ, ಅವರಲ್ಲಿ ಹೆಚ್ಚಿನವರು ಮದ್ದನ್ನು ಬೇಡಿದರು. ಸೈನಿಕನ ಪಾಲಿಗೆ ಗಾಯವೆಂದರೆ ಸಾವಿನ ದವಡೆಯಿಂದ ಬಿಡುಗಡೆ. ನಾಗರಿಕನಿಗೆ ಅದೇ ಬಾಳಿಗೆ ಒದಗಿದ ವಿಪತ್ತು. ನೋವಿನ ಪ್ರಮಾಣವನ್ನು ಗಾಯದ ಆಳಕ್ಕಿಂತ ಮಿಗಿಲಾಗಿ ಅದರ ಅರ್ಥವೇ ನಿರ್ಧರಿಸುತ್ತಿದೆಯೆಂದು ಬೀಚರ್ ಭಾವಿಸಿದರು.

ನಂಬಿಕೆಯ ರಸಾಯನ

ಇದು ಹೇಗೆ ಸಾಧ್ಯ? ನರಗಳು ಹೊತ್ತು ತರುವ ನೋವಿನ ಸಂದೇಶಕ್ಕೆ ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದಂತೆ. ಅದನ್ನು ತೆರೆಯುವ, ಮುಚ್ಚುವ ಅಧಿಕಾರದಲ್ಲಿ ಮಿದುಳಿಗೂ ಪಾಲುಂಟೆಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಪ್ರತಿಪಾದಿಸಿದರು. 1978ರಲ್ಲಿ ಹಲ್ಲು ಕೀಳಿಸಿಕೊಂಡ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ, ಔಷಧಾಂಶವಿಲ್ಲದ ಹುಸಿಮದ್ದಿನಿಂದಲೇ ಕೆಲವರ ನೋವು ತಗ್ಗಿತು. ಅಫೀಮಿನ ವರ್ಗದ ಮದ್ದುಗಳನ್ನು ತಡೆಯುವ ನಲೊಕ್ಸೋನ್ ಕೊಟ್ಟೊಡನೆ ಅವರ ನೋವು ಮತ್ತೆ ಹೆಚ್ಚಿತು. ಎಂದರೆ, ಉಪಶಮನದ ನಿರೀಕ್ಷೆಯೊಂದೇ ದೇಹದೊಳಗಿನ ನೋವುನಿವಾರಕಗಳನ್ನು ಹೊರಡಿಸಿತ್ತು. ಅದು ಕಲ್ಪನೆಯಲ್ಲ, ರಸಾಯನಕ್ರಿಯೆ.

ಭಯದ ಫಲ

ನಂಬಿಕೆ ಗುಣಪಡಿಸುವಂತೆ ಭಯ ಬಾಧಿಸಲೂ ಬಲ್ಲದು. ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಗುಳಿಗೆಯನ್ನು ಅಡ್ಡಪರಿಣಾಮಗಳಿಂದಾಗಿ ತ್ಯಜಿಸಿದ್ದ 60 ಮಂದಿಯ ಮೇಲೆ ಲಂಡನ್ನಿನಲ್ಲಿ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವರು ಕೆಲವು ತಿಂಗಳು ನಿಜವಾದ ಗುಳಿಗೆಯನ್ನೂ, ಕೆಲವು ತಿಂಗಳು ಹುಸಿಗುಳಿಗೆಯನ್ನೂ ಸೇವಿಸಿದರು. ಯಾವುದು ಯಾವುದೆಂಬುದು ಅವರಿಗೆ ತಿಳಿದಿರಲಿಲ್ಲ. ಇನ್ನು ಕೆಲವು ತಿಂಗಳು ಯಾವ ಗುಳಿಗೆಯೂ ಇರಲಿಲ್ಲ. ಸ್ಟ್ಯಾಟಿನ್ ಸೇವಿಸಿದಾಗ ಹೆಚ್ಚಿದ ಬಾಧೆಯ ಸುಮಾರು 90 ಶೇಕಡ ಭಾಗ ಹುಸಿಗುಳಿಗೆಯಿಂದಲೂ ಉಂಟಾಗಿತ್ತು. ಈ ಸಂಗತಿಯನ್ನು ಅರಿತ ಮೇಲೆ ಅವರಲ್ಲಿ ಅರ್ಧದಷ್ಟು ಜನ ಸ್ಟ್ಯಾಟಿನ್ ಸೇವನೆಯನ್ನು ಪುನಃ ಆರಂಭಿಸಿದರು.

ನಾವು ಮಾಡಬೇಕಾದದ್ದು

ಊರಿನ ಜಗಲಿಯನ್ನು ಬಿಟ್ಟು ಮಹಾನಗರದ ಫ್ಲ್ಯಾಟಿಗೆ ಬಂದ ಹಿರಿಯರು, ಮಕ್ಕಳು ಕೆಲಸದಿಂದ ಮರಳುವವರೆಗೆ ತಮ್ಮ ಭಾಷೆಯಲ್ಲಿ ಮಾತನಾಡುವವರಿಲ್ಲದೆ ಕುಳಿತಾಗ, ಗಮನವೆಲ್ಲ ಮಂಡಿಯ ಮೇಲೆಯೇ ನೆಲೆಸುವುದು ಸಹಜ. ಅವರ ನೋವು ನಿಜವಾದದ್ದೇ. ಅದನ್ನು ಅಲ್ಲಗಳೆಯದೆ ಕಿವಿಗೊಡುವುದು, ವೈದ್ಯರಿಗೆ ತೋರಿಸುವುದು, ಜೊತೆಗೂಡಿ ನಾಲ್ಕು ಹೆಜ್ಜೆ ನಡೆಯುವುದು, ಕನ್ನಡದ ನಾಲ್ಕು ಜನರ ನಡುವೆ ಕರೆದೊಯ್ಯುವುದು—ಇವೆಲ್ಲ ಚಿಕಿತ್ಸೆಗೆ ಒತ್ತಾಸೆ. ಗುಳಿಗೆಯ ಬಗ್ಗೆ ಶಂಕೆಯಿದ್ದರೆ ನೆರೆಯವರ ಮಾತು ಕೇಳಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಆದರೆ ಮನೋಬಲಕ್ಕೂ ಎಲ್ಲೆಯುಂಟು. ಮದ್ದು ಬೇಡವೆಂದ ಸೈನಿಕರ ಗಾಯಗಳಿಗೂ ವೈದ್ಯರ ಆರೈಕೆ ಬೇಕೇ ಆಗಿತ್ತು. ಎದೆನೋವು ಕಾಣಿಸಿಕೊಂಡಾಗ, ಕೈಕಾಲು ಹಠಾತ್ತನೆ ಬಲಗುಂದಿದಾಗ, ಧೈರ್ಯ ಹೇಳುತ್ತ ಕುಳಿತಿರದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಮನಸ್ಸು ಮದ್ದಿಗೆ ಜೊತೆಗಾರನೇ ಹೊರತು ಬದಲಿಯಲ್ಲ.