ಮುಳ್ಳಿನ ಗಾಯ

ರಾಣೆಬೆನ್ನೂರಿನ ಸುತ್ತಣ ಹೊಲಗಳಲ್ಲಿ ಗೋವಿನಜೋಳದ ಕಟಾವು ಮುಗಿದ ಮೇಲೆ ನೆಲದಲ್ಲಿ ಕೂಳೆ ಉಳಿಯುತ್ತದೆ. ಓರೆಯಾಗಿ ಕೊಯ್ದ ಆ ಮೋಟುಗಳ ತುದಿ ಬಲು ಚೂಪು. ಬದುವಿನಲ್ಲಿ ಜಾಲಿಯ ಮುಳ್ಳು, ಕೈಯಲ್ಲಿ ಕುಡುಗೋಲು. ಬರಿಗಾಲಿನಲ್ಲಿ ದುಡಿಯುವ ರೈತನಿಗೆ ಗಾಯವು ಹೊಸದಲ್ಲ. ಹನಿ ರಕ್ತವನ್ನು ಒರೆಸಿಕೊಂಡು ಅವನು ಮತ್ತೆ ಕೆಲಸಕ್ಕೆ ತೊಡಗುತ್ತಾನೆ.

ಆದರೆ ಗಾಯದ ಅಪಾಯವನ್ನು ಅದರ ಗಾತ್ರದಿಂದ ಅಳೆಯಲಾಗದು. ಕುಡುಗೋಲಿನ ಗಾಯದಿಂದ ಸುರಿಯುವ ರಕ್ತವು ನೋಡುವವರನ್ನು ಹೆದರಿಸುತ್ತದೆ. ಆದರೂ ಅದು ಕೊಳೆಯನ್ನು ಕೆಲಮಟ್ಟಿಗೆ ಹೊರದೂಡುತ್ತದೆ. ಮುಳ್ಳಿನ ಗಾಯವಾದರೋ ಕಿರಿದು, ಆದರೆ ಆಳವಾದುದು. ಅದರ ಬಾಯಿ ಬೇಗನೆ ಮುಚ್ಚುತ್ತದೆ. ಒಳಗೆ ಗಾಳಿ ಸುಳಿಯದು. ಮಣ್ಣಿನಲ್ಲಿಯೂ ದನಗಳ ಸಗಣಿಯಲ್ಲಿಯೂ ಇರುವ ಧನುರ್ವಾಯುವಿನ ರೋಗಾಣುವಿಗೆ ಬೇಕಾದುದು ಇಂತಹ ತಾಣವೇ. ಗಟ್ಟಿ ಕವಚವುಳ್ಳ ಅದರ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲವು.

ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ರೋಗವು ತಲೆದೋರುತ್ತದೆ. ಅಷ್ಟರಲ್ಲಿ ಗಾಯವು ಮಾಯ್ದು, ಮುಳ್ಳು ಚುಚ್ಚಿದ್ದೇ ಮರೆತುಹೋಗಿರಬಹುದು. ಮೊದಲು ದವಡೆ ಸೆಟೆದು ಬಾಯಿ ತೆರೆಯಲಾಗುವುದಿಲ್ಲ. ಬಳಿಕ ಕತ್ತು, ಬೆನ್ನು ಬಿಗಿಯುತ್ತವೆ. ರೋಗಾಣುವಿನ ವಿಷವು ನರಗಳನ್ನು ಹಿಡಿದಿರುವುದರಿಂದ ಸಣ್ಣ ಸದ್ದಿಗೂ ಬೆಳಕಿಗೂ ಶರೀರವು ಸೆಳೆತಕ್ಕೆ ಸಿಕ್ಕಿ ಬಿಲ್ಲಿನಂತೆ ಬಾಗುತ್ತದೆ. ರೋಗಕ್ಕೆ ಈ ಹೆಸರು ಬಂದುದು ಇದರಿಂದಲೇ. ಉಸಿರಾಟದ ಸ್ನಾಯುಗಳು ಬಿಗಿದರೆ ಸಾವು ಸಂಭವಿಸುತ್ತದೆ.

ಜಪಾನಿನ ವಿಜ್ಞಾನಿ ಕಿಟಸಾಟೊ 1889ರಲ್ಲಿ ಜರ್ಮನಿಯಲ್ಲಿ ಈ ರೋಗಾಣುವನ್ನು ಪ್ರತ್ಯೇಕಿಸಿ ಬೆಳೆಸಿದನು. ಮರುವರ್ಷ ಅವನೂ ಬೆರಿಂಗನೂ ಸೇರಿ, ಅದರ ವಿಷವನ್ನು ನಿಷ್ಫಲಗೊಳಿಸುವ ಪ್ರತಿವಿಷವು ಪ್ರಾಣಿಗಳ ರಕ್ತದಲ್ಲಿ ಹುಟ್ಟುವುದನ್ನು ತೋರಿಸಿದರು.

ಗಾಯಕ್ಕೆ ಸುಣ್ಣ, ಬೀಡಿಯ ಬೂದಿ, ಸಗಣಿಗಳನ್ನು ಮೆತ್ತುವ ರೂಢಿಯುಂಟು. ಸಗಣಿಯನ್ನು ಮೆತ್ತುವುದೆಂದರೆ ರೋಗಾಣುವನ್ನು ಕೈಯಾರೆ ಒಳಗೆ ಬಿಟ್ಟಂತೆ. ಮೊದಲು ಕೈಗಳನ್ನು ತೊಳೆದುಕೊಂಡು, ಗಾಯವನ್ನು ಶುದ್ಧವಾದ ನೀರು ಮತ್ತು ಸಾಬೂನಿನಿಂದ ಕೆಲವು ನಿಮಿಷಗಳವರೆಗೆ ತೊಳೆಯಬೇಕು. ರಕ್ತ ನಿಲ್ಲದಿದ್ದರೆ ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿಯಬೇಕು. ಮೇಲೆ ಕಾಣುವ ಮುಳ್ಳನ್ನು ಸ್ವಚ್ಛವಾದ ಚಿಮಟದಿಂದ ತೆಗೆಯಬಹುದು. ಆಳದಲ್ಲಿ ಮುರಿದುದನ್ನು ಕೆದಕದೆ ವೈದ್ಯರಿಗೆ ಬಿಡುವುದೇ ಲೇಸು. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿಯ ಹವಳದ ಸುಣ್ಣದ ಗೂಡು ಚರ್ಮವನ್ನು ಗೀರಿದರೆ, ಒಳಗುಳಿದ ಸಣ್ಣ ಚೂರುಗಳಿಂದಾಗಿ ಗಾಯವು ವಾರಗಟ್ಟಲೆ ಮಾಯದೆ ಕಾಡುತ್ತದೆ.

ಹೊಲದಲ್ಲಿ ಪಾದರಕ್ಷೆ ಅವಶ್ಯ; ಆದರೆ ಜಾಲಿಯ ಮುಳ್ಳು ತೆಳುವಾದ ರಬ್ಬರಿನ ಅಟ್ಟೆಯನ್ನೂ ತೂರಿ ಬರುತ್ತದೆ. ನಿಜವಾದ ಕವಚವೆಂದರೆ ಚುಚ್ಚುಮದ್ದು. ನಮ್ಮ ದೇಶದಲ್ಲಿ ಶೈಶವದ ಲಸಿಕೆಗಳ ಬಳಿಕ ಮತ್ತೆ 10ನೆಯ ಮತ್ತು 16ನೆಯ ವಯಸ್ಸಿನಲ್ಲಿ ಇದನ್ನು ಕೊಡಲಾಗುತ್ತದೆ. ಮಣ್ಣು ಹತ್ತಿದ ಗಾಯವಾದಾಗ, ಹಿಂದಿನ ಚುಚ್ಚುಮದ್ದಿಗೆ 5 ವರ್ಷಗಳು ಸಂದಿದ್ದರೆ ಮತ್ತೊಮ್ಮೆ ಬೇಕಾಗುತ್ತದೆ. ತಾಯಂದಿರಿಗೆ ಲಸಿಕೆ, ಸ್ವಚ್ಛವಾದ ಹೆರಿಗೆ, ಶುದ್ಧವಾದ ಅಲಗಿನಿಂದ ಹೊಕ್ಕುಳಬಳ್ಳಿಯ ಛೇದನ, ಇವುಗಳಿಂದ ನವಜಾತ ಶಿಶುಗಳ ಧನುರ್ವಾಯು ತೀರ ವಿರಳವಾಯಿತು. ಭಾರತವು ಅದನ್ನು ನಿವಾರಿಸಿದೆಯೆಂದು 2015ರಲ್ಲಿ ಮಾನ್ಯಮಾಡಲಾಯಿತು. ಆದರೆ ರೋಗಾಣುವು ಮಣ್ಣಿನಿಂದ ಹೋಗಿಲ್ಲ. ಒಮ್ಮೆ ಈ ರೋಗಕ್ಕೆ ತುತ್ತಾಗಿ ಬದುಕುಳಿದವನಿಗೂ ಚುಚ್ಚುಮದ್ದು ಬೇಕು. ಪ್ರಾಣವನ್ನೇ ಕೊಳ್ಳಬಲ್ಲ ವಿಷದ ಪ್ರಮಾಣವು, ದೇಹದಲ್ಲಿ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಲು ಸಾಲದಷ್ಟು ಅಲ್ಪವಾದುದು.