ಪ್ರಯೋಗಶಾಲೆಯಲ್ಲೂ ದುಂದು ಸಲ್ಲದು

ನಿಮ್ಮ ಮನೆಯಲ್ಲಿ ವಿಜ್ಞಾನ ಓದುವ ಮಗನೋ ಮಗಳೋ ಇದ್ದರೆ ಇಂದು ಸಂಜೆ ಒಂದು ಪ್ರಶ್ನೆ ಕೇಳಿ ನೋಡಿ: “ಪ್ರಯೋಗ ಮುಗಿದ ಮೇಲೆ ಬೀಕರಿನಲ್ಲಿ ಉಳಿದ ದ್ರಾವಣವನ್ನು ಏನು ಮಾಡಿದೆ?” “ಸಿಂಕಿಗೆ ಸುರಿದೆ” ಎಂಬ ಉತ್ತರ ಬಂದೀತು. ತಟ್ಟೆಯಲ್ಲಿ ಒಂದು ಹಿಡಿ ಅನ್ನ ಬಿಟ್ಟರೆ ಗದರಿಸುವ ನಾವು ಈ ಮಾತಿಗೆ ಸುಮ್ಮನಿರುತ್ತೇವೆ. ಕಲಿಕೆಗಾಗಿ ಆಗುವ ಖರ್ಚು ದುಂದಲ್ಲವೆಂದು ನಾವು ಭಾವಿಸಿದ್ದೇವೆ.

ಆದರೆ ದುಂದು ಎಲ್ಲಿದ್ದರೂ ದುಂದೇ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದ ಕೆಲವು ವಿಜ್ಞಾನಿಗಳು ತಮ್ಮದೇ ವಿಭಾಗದ ಕಸದ ಲೆಕ್ಕ ಹಾಕಿದರು. 2014ರಲ್ಲಿ 280 ಮಂದಿ ಸಂಶೋಧಕರಿಂದ ಸುಮಾರು 267 ಟನ್ ಪ್ಲಾಸ್ಟಿಕ್ ಕಸ ಉಂಟಾಗಿತ್ತು; ತಲೆಗೆ ಹೆಚ್ಚುಕಡಿಮೆ ಒಂದು ಟನ್! ಜಗತ್ತಿನ ಜೀವವಿಜ್ಞಾನ ಪ್ರಯೋಗಶಾಲೆಗಳ ಇಂತಹ ಕಸ ವರ್ಷಕ್ಕೆ 55 ಲಕ್ಷ ಟನ್ ಇರಬಹುದೆಂದು ಅವರು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಂದಾಜಿಸಿದರು.

ಇದಕ್ಕೆ ಪರಿಹಾರವೇನು? ಪ್ರಯೋಗಶಾಲೆಯ ಒಂದು ಹಳೆಯ ನಿಯಮವನ್ನು ಗಮನಿಸಿ. ಬಾಟಲಿಯಿಂದ ಹೊರತೆಗೆದ ರಾಸಾಯನಿಕವನ್ನು ಮರಳಿ ಅದಕ್ಕೆ ಸುರಿಯಬಾರದು. ಸುರಿದರೆ ಇಡೀ ಬಾಟಲಿ ಕೆಡಬಹುದು. ಹಾಗಾದರೆ ಮಿತವ್ಯಯ ಆರಂಭವಾಗಬೇಕಾದುದು ಎಸೆಯುವಾಗಲ್ಲ, ತೆಗೆದುಕೊಳ್ಳುವಾಗ. ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮಂಡಿಸಿದ ಹಸಿರು ರಸಾಯನಶಾಸ್ತ್ರದ 12 ತತ್ವಗಳಲ್ಲಿ ಮೊದಲನೆಯದೂ ಇದೇ: ಕಸವನ್ನು ಶುದ್ಧೀಕರಿಸುವುದಕ್ಕಿಂತ ಅದು ಉಂಟಾಗದಂತೆ ತಡೆಯುವುದೇ ಮೇಲು.

ಒಂದು ಲೆಕ್ಕ ಮಾಡೋಣ. ಟೈಟ್ರೇಶನ್‌ನಲ್ಲಿ ಪ್ರತಿ ಸಲ ಎರಡೂ ದ್ರಾವಣಗಳು ಸೇರಿ 50 ಮಿ.ಲೀ. ಬೇಕೆಂದಿರಲಿ. 60 ವಿದ್ಯಾರ್ಥಿಗಳು ಮೂರು ಮೂರು ಸಲ ಮಾಡಿದರೆ 9 ಲೀಟರ್ ಆಯಿತು. ಚಿಕ್ಕ ಪಿಪೆಟ್, ಚಿಕ್ಕ ಬ್ಯೂರೆಟ್ ಬಳಸಿ ಐದನೇ ಒಂದು ಪಾಲಿನಲ್ಲಿ ಮಾಡಿದರೆ 1.8 ಲೀಟರ್ ಸಾಕು. ಪಾಠ ಅದೇ, ಕಸ ಮಾತ್ರ ಕಡಿಮೆ.

ನೀರಿನದೂ ಇದೇ ಕಥೆ. ಕಂಡೆನ್ಸರ್ ತಂಪಾಗಿಸಲು ನಿಮಿಷಕ್ಕೆ ಒಂದು ಲೀಟರಿನಂತೆ ನಲ್ಲಿ ಬಿಟ್ಟರೆ ಮೂರು ಗಂಟೆಯಲ್ಲಿ 180 ಲೀಟರ್ ಶುದ್ಧ ನೀರು ಚರಂಡಿ ಸೇರುತ್ತದೆ. ಒಂದು ಬಕೆಟ್ ಮತ್ತು ಸಣ್ಣ ಪಂಪು ಇದ್ದರೆ ಅದೇ ನೀರನ್ನು ಮತ್ತೆ ಮತ್ತೆ ಹರಿಸಬಹುದು. ಸಿಲ್ವರ್ ನೈಟ್ರೇಟ್ ಪ್ರಯೋಗದ ಬಿಳಿ ಗಸಿಯನ್ನು ಕೂಡಿಟ್ಟರೆ ಅದರಿಂದ ಬೆಳ್ಳಿಯನ್ನೇ ಮರಳಿ ಪಡೆಯಬಹುದು. ಕ್ರೋಮಿಯಂನಂತಹ ವಿಷಗಳನ್ನಂತೂ ಸಿಂಕಿಗೆ ಸುರಿಯದೆ, ಹೆಸರು ಬರೆದ ಬೇರೆ ಪಾತ್ರೆಯಲ್ಲಿ ಸಂಗ್ರಹಿಸಲೇಬೇಕು. ನಾವು ಸುರಿದದ್ದು ಯಾರದೋ ಬಾವಿಯನ್ನು ಸೇರಬಾರದಲ್ಲವೇ?

ಪ್ರವಾದಿ(ಸ)ರವರು ಒಂದು ಮುದ್ದ್, ಅಂದರೆ ಒಂದು ಬೊಗಸೆ ತುಂಬುವಷ್ಟು ನೀರಿನಲ್ಲಿ ವುಝೂ ಪೂರೈಸುತ್ತಿದ್ದರೆಂದು ಹದೀಸ್‌ಗಳಲ್ಲಿ ಬಂದಿದೆ. ಆರಾಧನೆಯ ಸಿದ್ಧತೆಯಲ್ಲೇ ಇಷ್ಟು ಮಿತವಿರುವಾಗ ಕಲಿಕೆಯ ಹೆಸರಿನ ದುಂದಿಗೆ ವಿನಾಯಿತಿ ಎಲ್ಲಿಯದು?

ಒಂದು ಎಚ್ಚರ ಮಾತ್ರ ಅಗತ್ಯ. ಮಿತವ್ಯಯವೆಂದು ಕೈಗವಸು ಬಿಡುವುದಾಗಲಿ, ರೋಗಾಣು ತಗಲಿದ ಪ್ಲಾಸ್ಟಿಕ್ ನಳಿಗೆಯನ್ನು ತೊಳೆದು ಬಳಸುವುದಾಗಲಿ ಸರಿಯಲ್ಲ. ಜೀವವನ್ನು ಅಪಾಯಕ್ಕೊಡ್ಡುವುದು ಉಳಿತಾಯವಲ್ಲ.

ಆದ್ದರಿಂದ ಮಕ್ಕಳು ಮನೆಗೆ ಬಂದಾಗ “ಎಷ್ಟು ಅಂಕ ಬಂತು?” ಎಂದಷ್ಟೇ ಕೇಳಬೇಡಿ. “ಬೇಕಾದದ್ದು ಎಷ್ಟು, ತೆಗೆದುಕೊಂಡದ್ದು ಎಷ್ಟು?” ಎಂದೂ ಕೇಳಿ. ಅಳೆದು ತೆಗೆದುಕೊಳ್ಳಲು ಕಲಿತ ಕೈ ಪ್ರಯೋಗಶಾಲೆಯಲ್ಲೂ ಅಡುಗೆಮನೆಯಲ್ಲೂ ಒಂದೇ ರೀತಿ ನಡೆದುಕೊಳ್ಳುತ್ತದೆ.